ಹಳದಿ ಮಾಸಿದ ನೆಗೆಟಿವ್: ಲೈಟಿಗೆ ಬಗ್ಗದ್ದು ಗಾಮಾಗೆ ಬಗ್ಗಿತು

ಹಳದಿ ಡೈ ಮಾಸಿದ ಹಳೆಯ ಬಣ್ಣದ ಸಿನಿಮಾ ನೆಗೆಟಿವ್ ಇನ್ನು ಲ್ಯಾಬ್‌ನಲ್ಲಿ ಸರಿಹೋಗದು, ಸ್ಕ್ಯಾನ್ ಮಾಡಿ ಕಂಪ್ಯೂಟರ್‌ನಲ್ಲಿ ಬಣ್ಣ ತಿದ್ದುವುದೊಂದೇ ದಾರಿ ಅಂದವರೇ ಎಲ್ಲ. ಅರ್ಧ ನಿಜ. ಬರೀ ಪ್ರಿಂಟರ್ ಲೈಟ್‌ನಿಂದ (ಪ್ರಿಂಟ್ ಮಾಡುವ ಕೆಂಪು, ಹಸಿರು, ನೀಲಿ ಬೆಳಕನ್ನು ಏರಿಸಿ ಇಳಿಸುವುದರಿಂದ) ಆಗದು ಅಂತ ಮೂರು ಆನ್ಸರ್ ಪ್ರಿಂಟ್ (ಬಣ್ಣ ನೋಡಲು ತೆಗೆಯುವ ಪರೀಕ್ಷಾ ಪ್ರಿಂಟ್) ದಂಡವಾದ ಮೇಲೆ ನಾನೂ ಒಪ್ಪಿಕೊಂಡೆ.

ಮೊದಲ ಪ್ರಿಂಟ್‌ನಲ್ಲಿ ಬಿಳಿ ಅಂಗಿಗಳೆಲ್ಲ ಹಳದಿ. ನೀಲಿ ಲೈಟ್ 4 ಪಾಯಿಂಟ್ ಇಳಿಸಿದೆ. ಅಂಗಿ ಬೆಳ್ಳಗಾಯಿತು, ಕಪ್ಪು ಕೋಟು ನೀಲಿಗೆ ತಿರುಗಿತು. 2 ಪಾಯಿಂಟ್ ವಾಪಸ್ ಕೊಟ್ಟರೆ ಎರಡೂ ಅರ್ಧಂಬರ್ಧ. ಪಾಯಿಂಟ್ ಅಂದರೆ ಪ್ರಿಂಟರ್ ಲೈಟಿನ ಒಂದು ಮೆಟ್ಟಿಲು, 0.025 ಲಾಗ್ ಅಷ್ಟೇ. ಅದರಿಂದ ಬೆಳಕಿಗೂ ದಟ್ಟಣೆಗೂ ಇರುವ ಕರ್ವ್ ಪಕ್ಕಕ್ಕೆ ಸರಿಯುತ್ತದೆ, ಇಳಿಜಾರು (ಅದೇ ಗಾಮಾ, ಕಾಂಟ್ರಾಸ್ಟ್) ಹಾಗೇ ಇರುತ್ತದೆ. ಕೆಟ್ಟಿದ್ದು ಆ ಇಳಿಜಾರೇ. ಮೂರನೆಯ ಪ್ರಿಂಟ್ ಹಾಳಾಗಿದ್ದು ನನ್ನ ಪೆದ್ದುತನಕ್ಕೆ: ಟಂಗ್‌ಸ್ಟನ್ ಲೈಟ್‌ಬಾಕ್ಸ್ ಮೇಲೆ ಇಟ್ಟು ಬಣ್ಣ ತೀರ್ಮಾನಿಸಿದ್ದೆ, ಪ್ರೊಜೆಕ್ಟರಿನ ಜೆನಾನ್ ದೀಪದಲ್ಲಿ ಓಡಿಸಿದಾಗ ಎಲ್ಲ ತಣ್ಣಗೆ ಕಂಡಿತು.

ಆಮೇಲೆ ಮಾಡಿದ್ದು ಅಳತೆ. ಒಂದೇ ಶಾಟ್‌ನಲ್ಲಿ ಬಿಳಿ ಬಟ್ಟೆ, ಕಪ್ಪು ಬಟ್ಟೆ ಎರಡೂ ಇರುವ ಫ್ರೇಮ್ ಹುಡುಕಿ ಡೆನ್ಸಿಟೋಮೀಟರ್ (ದಟ್ಟಣೆ ಅಳೆಯುವ ಯಂತ್ರ) ಇಟ್ಟೆ. ಹಸಿರಿನಲ್ಲಿ ಬಿಳಿಗೂ ಕಪ್ಪಿಗೂ ಅಂತರ 0.90ರ ಆಸುಪಾಸು, ನೀಲಿಯಲ್ಲಿ 0.72. ತಾಜಾ ನೆಗೆಟಿವ್‌ನಲ್ಲಿ ಇವೆರಡೂ ಹೆಚ್ಚುಕಡಿಮೆ ಸಮ ಇರುತ್ತವೆ. ಅಂದರೆ ನೀಲಿ ರೆಕಾರ್ಡ್ (ನೆಗೆಟಿವ್‌ನ ಹಳದಿ ಡೈ ಹಿಡಿದಿಟ್ಟ ನೀಲಿ ಬೆಳಕಿನ ಚಿತ್ರ) 80 ಪರ್ಸೆಂಟಿಗೆ ಇಳಿದಿದೆ, ಅದಕ್ಕೆ 1.25 ಪಟ್ಟು ಗಾಮಾ ಬೇಕು. ಡೈ ಎಷ್ಟು ದಟ್ಟವಾಗಿತ್ತೋ ಅದೇ ಪ್ರಮಾಣದಲ್ಲಿ ಮಾಸುತ್ತದೆ, ಹಾಗಾಗಿ ಈ ಒಂದು ಗುಣಾಕಾರ ಸಾಕಾಗುತ್ತದೆ.

ಬಣ್ಣಕ್ಕೊಂದರಂತೆ ಮೂರು ಕಪ್ಪು-ಬಿಳುಪು ಸೆಪರೇಷನ್ ಪಾಸಿಟಿವ್ ತೆಗೆದೆ. ಇವನ್ನು ಸೇರಿಸಿಯೇ ಹೊಸ ಬಣ್ಣದ ನೆಗೆಟಿವ್ (ಡ್ಯೂಪ್) ಮಾಡುವುದು. ಕೆಂಪು, ಹಸಿರು ಮಾಮೂಲಿ ಡೆವಲಪಿಂಗ್. ಗಾಮಾ ಏರಲಿ ಅಂತ ನೀಲಿಗೆ ಮಾತ್ರ ಮೂರನೇ ಒಂದು ಪಾಲು ಹೆಚ್ಚು ಹೊತ್ತು. ನಿಮ್ಮ ಬಾತ್‌ನಲ್ಲಿ ಎಷ್ಟು ಹೊತ್ತು ಅಂತ 21 ಮೆಟ್ಟಿಲಿನ ವೆಜ್ (ಹಂತಹಂತವಾಗಿ ಕಪ್ಪೇರುವ ಪರೀಕ್ಷಾ ಪಟ್ಟಿ) ಹಾಕಿ ನೀವೇ ನೋಡಿಕೊಳ್ಳಬೇಕು. ನೀಲಿಗೆ ಯಾವ ಫಿಲ್ಟರ್ ಜೋಡಿ ಹಾಕಿದೆ ಅಂತ ಇಲ್ಲಿ ಹೇಳುವುದಿಲ್ಲ, ಅದಕ್ಕೆ ಎರಡು ತಿಂಗಳು ತಿಂದಿದ್ದೇನೆ.

ಗ್ರೈನ್ ಎದ್ದು ಕಾಣುತ್ತದೆ ಅಂತ ಹೆದರಿಸಿದ್ದರು. ನೀಲಿ ರೆಕಾರ್ಡ್ ಕೊನೆಗೆ ಹಳದಿ ಡೈ ಆಗುತ್ತದೆ. ಹಳದಿಯಲ್ಲಿರುವ ಗ್ರೈನ್ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ರಿಜಿಸ್ಟ್ರೇಷನ್ನೂ (ಮೂರು ಚಿತ್ರ ಒಂದರ ಮೇಲೊಂದು ಸರಿಯಾಗಿ ಕೂರುವುದು) ಹಾಗೇ. ಕೆಂಪು-ಹಸಿರು ಕೂದಲೆಳೆಯಷ್ಟು ತಪ್ಪಿದರೂ ಅಂಚಿನಲ್ಲಿ ಬಣ್ಣದ ಗೆರೆ ಕಾಣುತ್ತದೆ, ಹಳದಿ ಸ್ವಲ್ಪ ಕ್ಷಮಿಸುತ್ತದೆ. ಆದರೆ ಮೂಲ ನೆಗೆಟಿವ್ 0.8 ಪರ್ಸೆಂಟ್ ಕುಗ್ಗಿತ್ತು, ಫ್ರೇಮಿನಿಂದ ಫ್ರೇಮಿಗಿರುವ 19 ಮಿಲಿಮೀಟರ್ ಪಿಚ್‌ಗೆ 0.15 ಮಿಲಿಮೀಟರ್. ಓಡುವ ಕಾಂಟ್ಯಾಕ್ಟ್ ಪ್ರಿಂಟರ್‌ನಲ್ಲಿ ಜಾರಿತು. ಪಿನ್ ಸವೆಸಿ ಸಣ್ಣ ಮಾಡಿದ, ಫ್ರೇಮಿಗೊಮ್ಮೆ ನಿಂತು ಪ್ರಿಂಟ್ ಮಾಡುವ ಸ್ಟೆಪ್ ಪ್ರಿಂಟರ್‌ಗೆ ಬಂದ ಮೇಲೇ ನಿಂತಿತು. ಮೂರು ಪಟ್ಟಿಯನ್ನೂ ಒಂದೇ ಬ್ಯಾಚ್ ಸ್ಟಾಕ್‌ನಲ್ಲಿ, ಒಂದೇ ದಿನ ತೊಳೆದು ಒಣಗಿಸಿ. ಒಂದನ್ನು ಮಾರನೇ ದಿನಕ್ಕೆ ಬಿಟ್ಟಿದ್ದಕ್ಕೆ ಇಡೀ ರೀಲ್ ಮತ್ತೆ ಮಾಡಬೇಕಾಯಿತು.

ದುಡ್ಡು ಕರಗಿದ್ದು ಬೇರೆ ಕಡೆ. ಕತ್ತರಿಸಿ ಅಂಟಿಸಿದ ನೆಗೆಟಿವ್‌ನಲ್ಲಿ ಪಕ್ಕಪಕ್ಕದ ಶಾಟ್‌ಗಳು ಬೇರೆ ಬೇರೆ ಸ್ಟಾಕ್, ಮಾಸಿದ್ದೂ ಬೇರೆ ಬೇರೆ ಪ್ರಮಾಣ. ಒಂದೇ ಪಟ್ಟಿಯಲ್ಲಿ ಶಾಟ್‌ಗೊಂದು ಡೆವಲಪಿಂಗ್ ಕೊಡಲಾಗದು. ನೀಲಿಯನ್ನು ಎರಡು ಗಾಮಾದಲ್ಲಿ ಎರಡು ಸಲ ತೆಗೆದು, ಡ್ಯೂಪ್ ನೆಗೆಟಿವ್‌ಗೆ ಸೇರಿಸುವಾಗ ಶಾಟ್ ನೋಡಿ ಆರಿಸಿದೆ. ಸಾವಿರ ಅಡಿಯ ರೀಲ್‌ಗೆ ನಾಲ್ಕು ಸಾವಿರ ಅಡಿ ಸೆಪರೇಷನ್ ಸ್ಟಾಕ್! ಆದರೂ ಈ ಹೊಸ ಡ್ಯೂಪ್‌ನ ಎರಡನೇ ಆನ್ಸರ್ ಪ್ರಿಂಟ್‌ಗೇ ಕೆಲಸ ಮುಗಿಯಿತು, ಶಾಟ್‌ಗೆ 2-3 ಪಾಯಿಂಟ್ ತಿದ್ದಿದರೆ ಸಾಕಾಯಿತು.

ನಡುವೆ ಇದೇ ಸೆಪರೇಷನ್‌ಗಳನ್ನು ಸ್ಕ್ಯಾನ್ ಮಾಡಿ ಡಿಜಿಟಲ್‌ನಲ್ಲಿ ಸೇರಿಸಿಯೂ ನೋಡಿದೆ. ಸಲೀಸು, ಒಪ್ಪುತ್ತೇನೆ. ಯಾವ ದಾರಿ ಹಿಡಿದರೂ ಬಣ್ಣ ಹೋಲಿಸಲು ಆ ಕಾಲದ ಗುಲಾಬಿಗೆ ತಿರುಗಿದ ಪ್ರಿಂಟ್ ನಂಬಬೇಡಿ. ಡೈ ಟ್ರಾನ್ಸ್‌ಫರ್ (ಡೈಯನ್ನು ಅಚ್ಚೊತ್ತಿ ಮಾಡಿದ) ಪ್ರಿಂಟಿನ ತುಣುಕು ಸಿಕ್ಕರೆ ಅದು ಅಷ್ಟಾಗಿ ಮಾಸಿರುವುದಿಲ್ಲ.

ರೀಲ್‌ನ ಅಂಚಿನಲ್ಲಿ ಹೆಚ್ಚು, ನಡುವೆ ಕಡಿಮೆ ಮಾಸಿದ್ದರೆ ಮಾತ್ರ ಈ ವಿಧಾನ ಕೈಕೊಡುತ್ತದೆ. ಅಂಥವನ್ನು ಸ್ಕ್ಯಾನರ್‌ಗೇ ಕಳಿಸುತ್ತೇನೆ.