ಬಿದ್ದ ಮೇಲೆ ಮತ್ತೆ ಬೈಕ್ ಹತ್ತುವವರಿಗೆ

ಗಾಯ ಮಾಗಿದರೂ ಹ್ಯಾಂಡಲ್ ಹಿಡಿದರೆ ಕೈ ನಡುಗುತ್ತದೆ ಅನ್ನುವವರು ನಮ್ಮ ಕಲಬುರಗಿಯಲ್ಲಿ ಬಹಳ ಮಂದಿ ಇದ್ದಾರೆ. ಡಾಕ್ಟರ್ ಓಡಿಸಬಹುದು ಅಂದ ಮೇಲೆ ಮೊದಲು ಗಾಡಿಯನ್ನು ಮೆಕ್ಯಾನಿಕ್‌ಗೆ ತೋರಿಸಿ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಸ್ವಲ್ಪ ಬಾಗಿದ್ದರೂ ಗಾಡಿ ಒಂದು ಕಡೆ ಎಳೆಯುತ್ತದೆ. ನೀವು ಅದನ್ನು ನಿಮ್ಮ ಭಯ ಅಂದುಕೊಳ್ಳುತ್ತೀರಿ. ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಹಾಕಬೇಡಿ. ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮಾಕೋಲ್ ಒಮ್ಮೆ ಅದುಮಿಹೋದರೆ ಮುಗಿಯಿತು. ಐಎಸ್‌ಐ ಗುರುತಿನ ಹೊಸದು ತನ್ನಿ.

ಸೂಪರ್ ಮಾರ್ಕೆಟ್, ಜಗತ್ ಸರ್ಕಲ್‌ನಂಥ ಗದ್ದಲದ ಕಡೆ ಈಗಲೇ ಬೇಡ. ಬಿಸಿಲೇರುವ ಮುಂಚೆ ಒಂದು ಖಾಲಿ ಮೈದಾನ ಸಾಕು. ಅಲ್ಲಿ ಬ್ರೇಕ್ ಹಿಡಿಯುವುದನ್ನೇ ಜಾಸ್ತಿ ಹೊತ್ತು ಮಾಡಿ. ಬಿದ್ದವರು ಮುಂದಿನ ಬ್ರೇಕ್ ಮುಟ್ಟಲು ಹೆದರುತ್ತಾರೆ, ಆದರೆ ಗಾಡಿ ನಿಲ್ಲಿಸುವ ಶಕ್ತಿ ಜಾಸ್ತಿ ಇರುವುದು ಅದರಲ್ಲೇ. ಗಾಡಿ ನೇರ ಇರುವಾಗ ಹಿಂದಿನ, ಮುಂದಿನ ಎರಡೂ ಬ್ರೇಕ್ ಸೇರಿಸಿ ಹಿಡಿಯಿರಿ, ಮುಂದಿನದನ್ನು ಮೆಲ್ಲಗೆ ಶುರು ಮಾಡಿ ಆಮೇಲೆ ಜೋರಾಗಿ ಒತ್ತಿ. ಜಲ್ಲಿ ಇದ್ದಲ್ಲಿ ಗಕ್ಕನೆ ಹಿಡಿಯಬೇಡಿ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಟೈರಿನಿಂದ ರಸ್ತೆಗೆ ಬಿದ್ದ ಎರೆ ಮಣ್ಣಂತೂ ಸಾಬೂನಿನ ಹಾಗೆ ಜಾರುತ್ತದೆ. ಆ ದಿನ ಸುಮ್ನೆ ಆಟೋ ಹತ್ತಿ, ನಾಚಿಕೆ ಏನಿಲ್ಲ.

ಗುಂಡಿಯನ್ನೇ ನೋಡುತ್ತಾ ಹೋದರೆ ಗಾಡಿ ಗುಂಡಿಗೇ ಹೋಗುತ್ತದೆ. ಹೋಗಬೇಕಾದ ಕಡೆ ಕಣ್ಣಿಡಿ.

"ಏನ್ ಆಗಂಗಿಲ್ಲ, ನಡಿ" ಅನ್ನುವ ಗೆಳೆಯರನ್ನು ಹಿಂದೆ ಕೂರಿಸಿಕೊಳ್ಳಬೇಡಿ. ಬಿದ್ದ ಜಾಗಕ್ಕೆ ಬೇಗ ಹೋಗಲೇಬೇಕು ಅಂತಲೂ ಇಲ್ಲ. ಬಿದ್ದದ್ದೇ ಕನಸಲ್ಲಿ ಬಂದು ವಾರಗಟ್ಟಲೆ ನಿದ್ದೆ ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.