ಲಿನಕ್ಸ್ ಗಡಿಯಾರ ಸರಿ, ಜಾವಾ ಗಡಿಯಾರ 42 ನಿಮಿಷ ಹಿಂದೆ!

ವಿಜಯಪುರದ ಹತ್ತಿರ ನಮ್ಮ ಒಣದ್ರಾಕ್ಷಿ ಶೆಡ್ಡಿನಲ್ಲಿ ಉಷ್ಣಾಂಶ ಬರೆದಿಡಲು ಒಂದು ಜಾವಾ ಪ್ರೋಗ್ರಾಂ ಮಾಡಿದ್ದೆ. ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್. ಒಂದು ದಿನ ನೋಡಿದರೆ ಲಾಗ್‌ನಲ್ಲಿ ಸಮಯ 42 ನಿಮಿಷ ಹಿಂದೆ!

ಮೊದಲು ಸಿಮಾಸ್ ಬ್ಯಾಟರಿ (ಯಂತ್ರ ಆಫ್ ಇದ್ದಾಗಲೂ ಗಡಿಯಾರ ನಡೆಸುವ ಪುಟ್ಟ ಬ್ಯಾಟರಿ) ಮೇಲೆ ಅನುಮಾನ. ಸುಮ್ನೆ ಹೊಸದು ಹಾಕಿಸಿದೆ, ದುಡ್ಡು ದಂಡ. 'ಟೈಮ್‌ಡೇಟ್‌ಸಿಟಿಎಲ್' ಎಂಬ ಸಮಯ ತೋರಿಸುವ ಲಿನಕ್ಸ್ ಆಜ್ಞೆ ಕೊಟ್ಟರೆ ಎಲ್ಲಾ ಸರಿ, ಎನ್‌ಟಿಪಿ (ನೆಟ್ ಮೂಲಕ ಗಡಿಯಾರ ಸರಿಮಾಡುವ ವ್ಯವಸ್ಥೆ) ಕೂಡ ನಡೆಯುತ್ತಿದೆ. ತಪ್ಪು ಪ್ರೋಗ್ರಾಂ ಒಳಗೇ ಇದೆ, ಅಲ್ವಾ?

ಆಮೇಲೆ ಹೊಳೆಯಿತು. ಮಧ್ಯಾಹ್ನ ರೊಟ್ಟಿ ತಿನ್ನಲು ಹೋದಾಗ ಲ್ಯಾಪ್‌ಟಾಪ್ ಮುಚ್ಚಿದ್ದೆ. ಸುಮಾರು ಅಷ್ಟೇ ಹೊತ್ತು!

ಶುರುವಾದಾಗ ಒಮ್ಮೆ ಮಾತ್ರ ನಿಜವಾದ ಸಮಯ ಓದಿ, ಮುಂದೆ ಅದಕ್ಕೆ 'ನ್ಯಾನೋಟೈಮ್' (ಕಳೆದ ಹೊತ್ತು ಅಳೆಯುವ ಜಾವಾ ಸೌಲಭ್ಯ) ತೋರಿಸಿದ ಹೊತ್ತು ಕೂಡಿಸುತ್ತಾ ಹೋಗಿದ್ದೆ. ಬಲು ಜಾಣತನ ಅಂದುಕೊಂಡಿದ್ದೆ. ಲಿನಕ್ಸ್‌ನಲ್ಲಿ ನ್ಯಾನೋಟೈಮ್ ನಿಂತಿರುವುದು ಮೊನೊಟಾನಿಕ್ ಗಡಿಯಾರದ ಮೇಲೆ, ಅಂದರೆ ಹಿಂದೆ ಸರಿಯದೆ ಮುಂದಕ್ಕೇ ಎಣಿಸುವ ಗಡಿಯಾರ. ಮುಚ್ಚಳ ಹಾಕಿ ಯಂತ್ರ ಸಸ್ಪೆಂಡ್ ಆದಾಗ, ಅಂದರೆ ಮಲಗಿದಾಗ, ಅದೂ ನಿಲ್ಲುತ್ತದೆ. ಎದ್ದ ಮೇಲೆ ಓಎಸ್ (ಇಲ್ಲಿ ಲಿನಕ್ಸ್) ತನ್ನ ಸಮಯ ಸರಿಮಾಡಿಕೊಂಡಿತು, ನನ್ನ ಲೆಕ್ಕ ಮಾತ್ರ ಅಲ್ಲೇ ಉಳಿಯಿತು.

ಈಗ ಪ್ರತಿ ಸಾಲಿಗೂ 'ಇನ್‌ಸ್ಟಂಟ್.ನೌ' ಕರೆದು ಆ ಕ್ಷಣದ ನಿಜವಾದ ಸಮಯ ಓದುತ್ತೇನೆ. ನ್ಯಾನೋಟೈಮ್ ಇರುವುದು ಸೆನ್ಸರ್ ಓದಲು ಎಷ್ಟು ಹೊತ್ತು ಹಿಡಿಯಿತು ಎಂದು ಅಳೆಯಲು ಮಾತ್ರ. ಮುಚ್ಚಳ ಹಾಕಿದರೂ ಮಲಗದಂತೆ ಸೆಟ್ಟಿಂಗ್ ಬದಲಿಸಿದೆ, ಇಲ್ಲದಿದ್ದರೆ ಆ ಹೊತ್ತಿನ ಉಷ್ಣಾಂಶವೇ ಸಿಗುವುದಿಲ್ಲವಲ್ಲ.