ವರ್ಲಿಯ ಜಪಾನಿ ಗುಡಿಯಲ್ಲಿ ನನ್ನ ತಾಳ ತಪ್ಪಿದ್ದು

ಮುಂಬಯಿಯ ವರ್ಲಿ ನಾಕಾ ಹತ್ತಿರ, ಆನಿ ಬೆಸೆಂಟ್ ರಸ್ತೆಯಲ್ಲಿ, ಪೋದಾರ್ ಆಸ್ಪತ್ರೆಯ ಎದುರಿಗೆ ನಿಪ್ಪೊನ್‌ಜಾನ್ ಮ್ಯೋಹೋಜಿ ಎಂಬ ಬೌದ್ಧ ಮಂದಿರವಿದೆ. ಅದರ ಮುಂದೆ ಹನ್ನೊಂದು ವರ್ಷ ಬಸ್ಸಿನಲ್ಲಿ ಓಡಾಡಿದವನು ನಾನು. ಕಿಟಕಿ ಸೀಟು ಸಿಕ್ಕ ದಿನವೂ ಅತ್ತ ನೋಡಿರಲಿಲ್ಲ, ಕಣ್ಣೆಲ್ಲ ಮುಂದಿನ ಸಿಗ್ನಲ್ ಮೇಲೆ.

ಒಂದು ಶನಿವಾರ ಲೋವರ್ ಪರೇಲಿನಲ್ಲಿ ಇಳಿದು ನಡೆದೇ ಹೋದೆ. ಸಂಜೆ ಪ್ರಾರ್ಥನೆಯ ಹೊತ್ತು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಬುದ್ಧನ ಮುಂದೆ ನಾಲ್ಕೇ ಜನ, ದೊಡ್ಡ ನಗಾರಿಯ ಮುಂದೆ ಒಬ್ಬ ಭಿಕ್ಷು. ಯಾರೂ ನನ್ನನ್ನು ಯಾಕೆ ಬಂದಿರಿ ಎಂದು ಕೇಳಲಿಲ್ಲ. ಪಕ್ಕದಲ್ಲಿದ್ದ ಮುದುಕಿ ಒಂದು ಕೈವಾದ್ಯ, ಒಂದು ಕೋಲು ನನ್ನತ್ತ ಸರಿಸಿದರು, ಅಷ್ಟೇ. ನಮ್ಮ ಬೀಸಣಿಗೆಯ ಹಾಗೆ ಹಿಡಿಕೆ, ಬಳೆಗೆ ಒಂದೇ ಮೈಯ ಚರ್ಮ ಬಿಗಿದಿದ್ದಾರೆ. ಹಿಂದೆ ಬುರುಡೆ ಇಲ್ಲ, ಆದರೂ ನಾದ ಎದೆಗೇ ತಾಗುತ್ತದೆ.

ಹೇಳುವುದು ಒಂದೇ ಸಾಲು: ನ ಮು ಮ್ಯೋ ಹೋ ರೆನ್ ಗೆ ಕ್ಯೋ. ಮನೆಗೆ ಬಂದು ಹುಡುಕಿದ ಮೇಲೆ ಗೊತ್ತಾಯಿತು, ‘ನಮು’ ನಮ್ಮ ‘ನಮಃ’ವೇ, ಉಳಿದದ್ದು ಸದ್ಧರ್ಮಪುಂಡರೀಕ ಸೂತ್ರ ಎಂಬ ಬೌದ್ಧ ಗ್ರಂಥದ ಹೆಸರು. ಇಲ್ಲಿಂದ ಹೋದ ಮಾತು ಚೀನಾ, ಜಪಾನ್ ಸುತ್ತಿ ವರ್ಲಿಗೆ ವಾಪಸು ಬಂದಿದೆ. ತಂದವರು ಜಪಾನಿನ ಬೌದ್ಧ ಭಿಕ್ಷು ನಿಚಿದಾತ್ಸು ಫುಜಿಯಿ. 1931ರಲ್ಲಿ ಭಾರತಕ್ಕೆ ಬಂದರು, 1933ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯನ್ನು ಕಂಡರು. ಈ ಮಂತ್ರ ಆಶ್ರಮದ ಪ್ರಾರ್ಥನೆಗೂ ಸೇರಿತು. ಈ ಮಂದಿರ ಎದ್ದದ್ದು 1956ರಲ್ಲಿ, ಉದ್ಯಮಿ ಜುಗಲ್ ಕಿಶೋರ್ ಬಿರ್ಲಾ ಅವರ ನೆರವಿನಿಂದ. ಅದೇ ವರ್ಷ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದರು.

ಇನ್ನು ನನ್ನ ಅವಸ್ಥೆ. ನಾನು ಮೊದಲೇ ಭಜನಾ ಮಂಡಳಿಯಲ್ಲಿ ತಾಳ ಹಿಡಿಯುವವನು. ಏಳು ಅಕ್ಷರ ಕಿವಿಗೆ ಬಿದ್ದದ್ದೇ ತಡ, ಏಳೆಣಿಕೆಯ ತಾಳ ಮಿಶ್ರ ಚಾಪು ಎಂದು ತೀರ್ಮಾನಿಸಿಬಿಟ್ಟೆ. ತಕಿಟ ತಕ ತಕ ಎಂದು ಮನಸ್ಸಿನಲ್ಲೇ ಎಣಿಸುತ್ತಾ ಬಾರಿಸಿದೆ. ಮೂರು ಆವರ್ತ ಕಳೆಯುವುದರೊಳಗೆ ಭಿಕ್ಷುವಿನ ಪೆಟ್ಟು ಒಂದು ಕಡೆ, ನನ್ನದು ಇನ್ನೊಂದು ಕಡೆ. ನಾಚಿಕೆಯಾಗಿ ನಿಲ್ಲಿಸಿದೆ. ಅವರು ತಿರುಗಿಯೂ ನೋಡಲಿಲ್ಲ. ಮುದುಕಿ ಮಾತ್ರ ತಮ್ಮ ಕೋಲನ್ನು ಸ್ವಲ್ಪ ಎತ್ತರಿಸಿ, ನನಗೆ ಕಾಣುವಂತೆ ಬಾರಿಸತೊಡಗಿದರು. ಎಣಿಕೆ ಬಿಟ್ಟು ಆ ಕೋಲನ್ನೇ ನೋಡುತ್ತಾ ಕೂತೆ. ಕೈ ಯಾವಾಗ ಕೂಡಿಕೊಂಡಿತೋ ತಿಳಿಯದು. ಹೊರಗಿನ ಹಾರ್ನ್ ಗದ್ದಲ ಇದ್ದೇ ಇತ್ತು, ನಗಾರಿ ಅದನ್ನೂ ಮುಚ್ಚಿಹಾಕಿತ್ತು.

ಹೋಗುವವರು ಸಂಜೆಯ ಪ್ರಾರ್ಥನೆಗೇ ಹೋಗಿ. ಕೈಗೆ ವಾದ್ಯ ಕೊಟ್ಟರೆ ಬೇಡ ಎನ್ನಬೇಡಿ. ಮೊಬೈಲ್ ಮಾತ್ರ ಚೀಲದಲ್ಲೇ ಇರಲಿ.

ಮುಂದಿನ ವಾರ ನಮ್ಮ ಭಜನೆಯಲ್ಲಿ ಎರಡನೇ ಹಾಡಿಗೇ ನನ್ನ ಕೈ ಎಡವಿತು. ಹಾರ್ಮೋನಿಯಂನವರು ನಿಲ್ಲಿಸಿ ಕೇಳಿದರು, “ಎಂಥದು ಮಾರಾಯ, ತಾಳ ಎಲ್ಲಿಗೆ ಹೋಯಿತು?”

“ವರ್ಲಿಗೆ” ಎಂದೆ.